ನಚಿಕೇತನ ಮೊದಲನೆಯ ವರ

(ಗುಂಡ್ಲುಪೇಟೆಯಲ್ಲಿ ಶ್ರಾವಣಮಾಸದ ಪ್ರವಚನಮಾಲೆಯ ನಾಲ್ಕನೆಯ ದಿನ ದಯಪಾಲಿಸಿದ ಆಶೀರ್ವಚನ)



ಕಳೆದ ಮೂರು ದಿನಗಳಿಂದ ದಾಸೋಹತತ್ತ್ವವನ್ನು ಕುರಿತು ನಿವೇದಿಸುತ್ತ ಬಂದಿದ್ದೇವೆ. ಇಂದೂ ಅದನ್ನೇ ಮುಂದುವರಿಸಬೇಕೆಂಬ ಸಂಕಲ್ಪವಿತ್ತು. ಆದರೆ ನಿನ್ನೆ ರಾತ್ರಿ ಮಂಗಳಾರತಿಯಾದ ಮೇಲೆ, ಜನವೆಲ್ಲ ಪ್ರಸಾದಕ್ಕೆ ಎದ್ದುಹೋದ ಮೇಲೆ, ಒಬ್ಬ ತಾಯಿ ಕಂಬದ ಮರೆಯಲ್ಲಿ ನಿಂತಿದ್ದರು. ಏನು ತಾಯಿ ಎಂದು ಕೇಳಿದೆವು. ಆಕೆ ಅಡ್ಡಬಿದ್ದು ಎದ್ದು, "ಬುದ್ಧಿ, ದೇವ್ರ ವಿಷ್ಯ ನಾಳಿದ್ದು ಹೇಳುವ್ರಂತೆ. ನನ್ ಮಗ ಮನೇಲಿ ಮಾತ್ ಬುಟ್ಟು ಎಲ್ಡ್ ತಿಂಗ್ಳಾಯ್ತು. ಅದ್ಕೊಂದ್ ಮಾತ್ ಹೇಳಿ" ಎಂದರು. ಮಗನಿಗೆ ವಯಸ್ಸೆಷ್ಟು ಎಂದರೆ ಹದಿನೈದು ಎಂದರು. ನಾವು ರಾತ್ರಿ ಬಹಳ ಹೊತ್ತು ಅದನ್ನೇ ಯೋಚಿಸಿದೆವು. ಹಸಿದು ಬಂದವರಿಗೆ ಬೇಡಿದ್ದನ್ನು ನೀಡುವುದೇ ದಾಸೋಹವಾದರೆ, ಈ ತಾಯಿ ಬೇಡಿದ್ದನ್ನು ಬಿಟ್ಟು ನಾವು ದಾಸೋಹದ ಲಕ್ಷಣವನ್ನು ಹೇಳುತ್ತ ಕೂರುವುದು ಸಲ್ಲದು. ಆದಕಾರಣ ಇಂದಿನ ವಿಷಯವನ್ನು ಬದಲಾಯಿಸಿದ್ದೇವೆ. ಸಮಿತಿಯವರು ಕ್ಷಮಿಸಬೇಕು, ಕರಪತ್ರದಲ್ಲಿ ಅಚ್ಚು ಹಾಕಿಸಿದ್ದು ಒಂದು, ನಾವು ಹೇಳುವುದು ಇನ್ನೊಂದು ಆಯಿತು.

ಸಂಸಾರವಿಲ್ಲದ ಜಂಗಮರಿಗೆ ಮಕ್ಕಳನ್ನು ಸಾಕುವ ಸುದ್ದಿ ಏತಕ್ಕೆ ಎಂದು ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಬಂದಿರಬಹುದು. ಬರಲಿ. ಶ್ರೀಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಹನ್ನೆರಡರಿಂದ ಹದಿನೆಂಟರವರೆಗಿನ ಹುಡುಗರು ನಮ್ಮ ಕಣ್ಣೆದುರಿಗೇ ಬೆಳೆಯುತ್ತಾರೆ. ಅವರ ಬಟ್ಟೆ ಗಿಡ್ಡವಾಗುವುದು, ಕಂಠ ಒಡೆಯುವುದು, ಇದ್ದಕ್ಕಿದ್ದಂತೆ ಒಬ್ಬ ಊಟ ಬಿಡುವುದು, ಇನ್ನೊಬ್ಬ ರಜೆ ಬಂದರೂ ಊರಿಗೆ ಹೋಗಲೊಲ್ಲೆನೆಂದು ಹಟ ಹಿಡಿಯುವುದು, ಇವೆಲ್ಲವನ್ನೂ ನಾವು ವರ್ಷವರ್ಷವೂ ನೋಡುತ್ತೇವೆ. ಊರಿಗೆ ಹೋಗಲೊಲ್ಲದ ಹುಡುಗನೇ ನಮಗೆ ಹೆಚ್ಚು ಕಲಿಸಿದ್ದಾನೆ.

ಸಂಸ್ಕೃತದಲ್ಲಿ ಈ ವಯಸ್ಸಿಗೆ ವಯಃಸಂಧಿ ಎಂಬ ಸುಂದರವಾದ ಮಾತುಂಟು. ಬಾಲ್ಯವೂ ಯೌವನವೂ ಕೂಡುವ ಜಾಗ. ನಾವು ಪಾಠಶಾಲೆಯಲ್ಲಿದ್ದಾಗ ವ್ಯಾಕರಣದ ಗುರುಗಳು ಸಂಧಿಪ್ರಕರಣವನ್ನು ಹೇಳುವಾಗ ಬೆತ್ತ ಹಿಡಿದೇ ಹೇಳುತ್ತಿದ್ದರು; ಆ ಕಾರಣದಿಂದ ಇಂದಿಗೂ ಮರೆತಿಲ್ಲ. ಕನ್ನಡದ ಮಕ್ಕಳಿಗೂ ಇದು ಗೊತ್ತು. ಸಂಧಿಯಲ್ಲಿ ಮೂರು ಕಾರ್ಯ: ಲೋಪ, ಆಗಮ, ಆದೇಶ. ಒಂದು ಅಕ್ಷರ ಬಿಟ್ಟುಹೋಗುವುದು ಲೋಪ. ಇಲ್ಲದ ಅಕ್ಷರ ಹೊಸದಾಗಿ ಬರುವುದು ಆಗಮ. ಇದ್ದ ಅಕ್ಷರದ ಜಾಗದಲ್ಲಿ ಬೇರೊಂದು ಬರುವುದು ಆದೇಶ. ವಯಸ್ಸಿನ ಸಂಧಿಯಲ್ಲಿಯೂ ಹೀಗೆಯೇ ಆಗುತ್ತದೆ. ತೊಡೆಯ ಮೇಲೆ ಬಂದು ಕೂರುತ್ತಿದ್ದುದು ಲೋಪವಾಯಿತು. ನಾಚಿಕೆ, ಕೋಪ, ಬಾಗಿಲು ಹಾಕಿಕೊಳ್ಳುವ ಚಾಳಿ, ಕನ್ನಡಿಯ ಮುಂದೆ ನಿಲ್ಲುವುದು, ಇವೆಲ್ಲ ಆಗಮವಾದವು. ಆದೇಶವೇ ಕಷ್ಟದ್ದು. ಮಳೆ ಮತ್ತು ಕಾಲ ಸೇರಿದಾಗ ಮಳೆಗಾಲವಾಗುತ್ತದೆ. ಅಲ್ಲಿ 'ಕಾಲ' ಸತ್ತುಹೋಗಿಲ್ಲ, 'ಗಾಲ'ವಾಗಿ ನಿಂತಿದೆ. ಹಾಗೆಯೇ ಮಗುವಾಗಿದ್ದಾಗ ಅಪ್ಪನ ಕುತ್ತಿಗೆಗೆ ಜೋತುಬೀಳುತ್ತಿದ್ದ ಪ್ರೀತಿ ಹದಿನೈದರಲ್ಲಿ ಅಪ್ಪನೊಡನೆ ವಾದ ಮಾಡುವ ರೂಪದಲ್ಲಿ ಬಂದಿರುತ್ತದೆ. ವ್ಯಾಕರಣ ಬಲ್ಲವನು 'ಗ'ದಲ್ಲಿ 'ಕ'ವನ್ನು ಕಾಣುತ್ತಾನೆ. ಬಾರದವನು ಅಕ್ಷರ ತಪ್ಪಿತೆಂದು ಬೆತ್ತ ಎತ್ತುತ್ತಾನೆ.

ಇನ್ನು ಉಪನಿಷತ್ತಿಗೆ ಬರೋಣ. ಕಠೋಪನಿಷತ್ತನ್ನು ಪಂಡಿತರು ಆತ್ಮವಿದ್ಯೆಗಾಗಿ ಓದುತ್ತಾರೆ. ನಾವೂ ಹಾಗೆಯೇ ಓದಿದೆವು, ಹಾಗೆಯೇ ಪಾಠ ಹೇಳಿದೆವು. ಆದರೆ ಅದು ಪ್ರಾರಂಭವಾಗುವುದು ಒಂದು ಮನೆಯ ಜಗಳದಿಂದ ಎಂಬುದನ್ನು ನಾವು ಬಹಳ ತಡವಾಗಿ ಗಮನಿಸಿದೆವು. ವಾಜಶ್ರವಸನೆಂಬ ತಂದೆ ಸರ್ವಸ್ವವನ್ನೂ ದಾನ ಕೊಡುವ ಯಾಗವನ್ನು ಮಾಡುತ್ತಿದ್ದಾನೆ. ಕೊಡುತ್ತಿರುವುದು ಎಂಥ ಹಸುಗಳನ್ನು? ಕುಡಿಯುವ ನೀರನ್ನು ಕುಡಿದು ಮುಗಿಸಿದ, ಮೇಯುವ ಹುಲ್ಲನ್ನು ಮೇದು ಮುಗಿಸಿದ, ಹಾಲು ಬತ್ತಿಹೋದ ಮುದಿ ಹಸುಗಳನ್ನು. ನಮ್ಮ ತೆರಕಣಾಂಬಿಯ ಕಡೆಯವರಾದರೆ ಒಂದೇ ನೋಟಕ್ಕೆ ಬೆಲೆ ಕಟ್ಟಿಬಿಡುತ್ತಿದ್ದರು. ಮಗ ನಚಿಕೇತ ಅದನ್ನು ನೋಡಿದ. ಉಪನಿಷತ್ತು ಅವನನ್ನು ಕುಮಾರ ಎಂದೇ ಕರೆಯುತ್ತದೆ. ಆ ವಯಸ್ಸಿನವರ ಕಣ್ಣಿಗೆ ದೊಡ್ಡವರ ತಪ್ಪು ಬಲು ಬೇಗ ಬೀಳುತ್ತದೆ. ಅಪ್ಪಾ, ಇದು ಸರಿಯಲ್ಲ ಎಂದು ಅವನು ನೇರವಾಗಿ ಹೇಳಲಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಕೇಳಿದ. ತಂದೆ ಸುಮ್ಮನಿದ್ದ. ಎರಡನೆಯ ಸಲ ಕೇಳಿದ, ಮೂರನೆಯ ಸಲ ಕೇಳಿದ. ನಾಲ್ಕು ಜನರ ಮುಂದೆ ಮಾನ ಹೋಯಿತೆಂದು ತಂದೆಗೆ ಸಿಟ್ಟು ನೆತ್ತಿಗೇರಿತು. ಮೃತ್ಯುವಿಗೆ ಕೊಟ್ಟೆ ಹೋಗು ಎಂದುಬಿಟ್ಟ.

ಶರಣಬಂಧುಗಳೇ, ಈ ಮಾತನ್ನು ಸಂಸ್ಕೃತದಲ್ಲಿ ಕೇಳಿದರೆ ಗಂಭೀರವಾಗಿರುತ್ತದೆ. ನಮ್ಮ ಚಾಮರಾಜನಗರದ ಮಾತಿನಲ್ಲಿ ಹೇಳಿದರೆ ಏನಾಗುತ್ತದೆ? "ಎಲ್ಲಾರ ಹೋಗಿ ಸಾಯಿ." ಇಷ್ಟೇ. ಇಲ್ಲಿ ಕುಳಿತಿರುವ ತಂದೆತಾಯಂದಿರಲ್ಲಿ ಈ ಮಾತನ್ನು ಆಡದವರು ಕೈ ಎತ್ತಿ ಎಂದು ನಾವು ಕೇಳುವುದಿಲ್ಲ. ಕೇಳಿದರೆ ನಮಗೂ ಸಂಕಟ, ನಿಮಗೂ ಸಂಕಟ. ಆಡುವವನು ಅರ್ಥವಿಟ್ಟು ಆಡುವುದಿಲ್ಲ. ಸಂಜೆಗೆ ಮರೆಯುತ್ತಾನೆ. ಆದರೆ ಕೇಳಿದ ಕಿವಿ ಹದಿನೈದು ವರ್ಷದ್ದು. ಅದು ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತದೆ. ನಚಿಕೇತ ಹಾಗೆಯೇ ತೆಗೆದುಕೊಂಡ, ಹೊರಟುಹೋದ. ಯಮನ ಮನೆಯ ಬಾಗಿಲಿನಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕುಳಿತ.

ಯಮ ಬಂದು, ಅತಿಥಿಯನ್ನು ಉಪವಾಸ ಕೆಡವಿದ ತಪ್ಪಿಗಾಗಿ ಮೂರು ವರಗಳನ್ನು ಕೇಳಿಕೋ ಎಂದ. ಮೂರನೆಯ ವರ ಆತ್ಮವಿದ್ಯೆ. ಅದನ್ನು ಎಲ್ಲರೂ ಬಲ್ಲರು. ಎರಡನೆಯದು ಸ್ವರ್ಗಸಾಧನವಾದ ಅಗ್ನಿವಿದ್ಯೆ. ಮೊದಲನೆಯದು? ಮೃತ್ಯುವಿನ ಎದುರಿಗೆ ನಿಂತ ಆ ಹುಡುಗ ಎಲ್ಲಕ್ಕಿಂತ ಮೊದಲು ಬೇಡಿದ್ದು ಏನು? ನನ್ನ ತಂದೆಯ ಸಿಟ್ಟು ಇಳಿಯಲಿ, ನಾನು ಹಿಂತಿರುಗಿ ಹೋದಾಗ ಅವನು ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂದು. ಇಷ್ಟೇ. ಬ್ರಹ್ಮಜ್ಞಾನಕ್ಕೂ ಮೊದಲು ಅಪ್ಪನ ಒಂದು ಮಾತು! ಯಮನೂ ದೊಡ್ಡವನೇ. ಆಗಲಿ ಎಂದದ್ದಷ್ಟೇ ಅಲ್ಲ, ನಿನ್ನ ತಂದೆ ಇನ್ನು ಮುಂದೆ ರಾತ್ರಿಗಳಲ್ಲಿ ಸುಖವಾಗಿ ನಿದ್ರಿಸುತ್ತಾನೆ ಎಂದೂ ಸೇರಿಸಿದ. ಅಂದರೆ ಮಗ ಹೋದ ಆ ಮೂರು ರಾತ್ರಿ ತಂದೆಯೂ ಕಣ್ಣು ಮುಚ್ಚಿರಲಿಲ್ಲ ಎಂದು ನಾವು ಅರ್ಥ ಮಾಡುತ್ತೇವೆ. ಭಾಷ್ಯಕಾರರು ಹೀಗೆ ಅರ್ಥ ಮಾಡಿಲ್ಲವೆಂದು ಯಾರಾದರೂ ವಿದ್ವಾಂಸರು ಆಕ್ಷೇಪಿಸಿದರೆ ನಾವು ತಲೆಬಾಗುತ್ತೇವೆ. ಅರ್ಥವನ್ನು ಮಾತ್ರ ಬದಲಾಯಿಸುವುದಿಲ್ಲ.

ಈಗ ನಾವು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡಬೇಕಾಗಿದೆ. ನಾಲ್ಕು ವರ್ಷಗಳ ಹಿಂದಿನ ಮಾತು. ಬಂಡೀಪುರದ ಕಾಡಂಚಿನ ಒಂದು ಗ್ರಾಮ, ಹೆಸರು ಬೇಡ. ಮೂರು ಎಕರೆ ಜಮೀನಿನ ಒಬ್ಬ ಭಕ್ತ. ಬಣ್ಣ ತೆಗೆಯುವ ಕಾರ್ಖಾನೆಗೆಂದು ಚೆಂಡುಹೂವು, ಒಂದು ಭಾಗದಲ್ಲಿ ಸಣ್ಣ ಈರುಳ್ಳಿ. ಎರಡು ಸಲ ಬೋರ್ ತೋಡಿಸಿ ನೀರು ಬಾರದೆ ಸಾಲ ಉಳಿದಿತ್ತು. ಆನೆ, ಹಂದಿಗಳ ಕಾಟಕ್ಕೆ ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಕಾವಲು. ನಿಮಗೆ ಇದನ್ನು ನಾವು ವಿವರಿಸಬೇಕಾಗಿಲ್ಲ. ಅವನು ಬೆಳಿಗ್ಗೆ ಮನೆಗೆ ಬರುವ ಹೊತ್ತಿಗೆ ಮಗ ಶಾಲೆಗೆ ಹೊರಟಿರುತ್ತಿದ್ದ. ಮಗ ಬರುವ ಹೊತ್ತಿಗೆ ಅಪ್ಪ ಹೊಲಕ್ಕೆ ಹೊರಟಿರುತ್ತಿದ್ದ. ವರ್ಷಗಟ್ಟಲೆ ಹೀಗೆ. ಕೆಲವು ರಾತ್ರಿ ಮಗನೂ ಕಾವಲಿಗೆ ಹೋಗುತ್ತಿದ್ದ, ಮರುದಿನ ತರಗತಿಯಲ್ಲಿ ತೂಕಡಿಸುತ್ತಿದ್ದ.

ಆ ಹುಡುಗ ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾದ. ದೊಡ್ಡಪ್ಪನ ಮಗ ಅದೇ ವರ್ಷ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದ. ನಿದ್ದೆಗೆಟ್ಟು ಬಂದ ಅಪ್ಪ, ಅಣ್ಣನ ಮನೆಯವರೆಲ್ಲ ನಿಂತಿದ್ದಂತೆಯೇ, "ನಿನ್ ಸಾಕೋ ಬದ್ಲು ಎಲ್ಡ್ ಎಮ್ಮೆ ಸಾಕಿದ್ರೆ ಹಾಲಾದ್ರೂ ಕರೀತಿದ್ದೆ, ಹೋಗಿ ಸಾಯಿ" ಎಂದ. ಹುಡುಗ ಬುತ್ತಿ ಕೂಡ ತೆಗೆದುಕೊಳ್ಳದೆ ಹೊರಟ. ಕೇರಳಕ್ಕೆ ತರಕಾರಿ ಒಯ್ಯುವ ಲಾರಿ ಹತ್ತಿದ. ಎಂಟು ದಿನ ಮನೆಯವರು ಕೆರೆ, ಬಾವಿ, ಕಾಡು ಒಂದನ್ನೂ ಬಿಡದೆ ಹುಡುಕಿದರು. ಒಂಬತ್ತನೆಯ ದಿನ ಸುಲ್ತಾನ್ ಬತ್ತೇರಿಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನನ್ನು ನಮ್ಮೂರಿನ ಒಬ್ಬ ಚಾಲಕ ಗುರುತು ಹಿಡಿದು ಕರೆತಂದ.

ಅಪ್ಪ ಅವನನ್ನು ನೇರವಾಗಿ ಶ್ರೀಮಠಕ್ಕೆ ಕರೆತಂದು, "ಬುದ್ಧಿ, ನೀವೇ ಬುದ್ಧಿ ಹೇಳಿ" ಎಂದ. ಅಂದು ಅಮಾವಾಸ್ಯೆ, ಎದುರಿಗೆ ಐವತ್ತು ಜನ ಭಕ್ತರಿದ್ದರು. ನಾವು ಹೇಳಿದೆವು. ಮಾತೃದೇವೋಪಾಸನೆ, ಪಿತೃಋಣ, ಶ್ರವಣಕುಮಾರ, ಒಂದನ್ನೂ ಬಿಡಲಿಲ್ಲ. ಹೆತ್ತವರ ಹೊಟ್ಟೆ ಉರಿಸಿದವನಿಗೆ ಏಳಿಗೆಯಿಲ್ಲವೆಂದೆವು. ಜನ ತಲೆದೂಗಿದರು. ಹುಡುಗ ಅಡ್ಡಬಿದ್ದ, ವಿಭೂತಿ ಹಚ್ಚಿಸಿಕೊಂಡ, ಹೋದ. ಒಂಬತ್ತು ದಿನ ಎಲ್ಲಿ ಮಲಗಿದ್ದೆ, ಏನು ಉಂಡೆ ಎಂದು ಆ ಐವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ತಂದೆಯನ್ನು ಪ್ರತ್ಯೇಕವಾಗಿ ಕರೆದು, ನೀನು ಆಡಿದ ಮಾತೇನಪ್ಪ ಎಂದು ಕೂಡ ವಿಚಾರಿಸಲಿಲ್ಲ. ನಚಿಕೇತನು ಯಮನ ಮನೆಯಿಂದ ಬಂದರೂ ತಂದೆಯಿಂದ ಮಾತನಾಡಿಸಿಕೊಳ್ಳಬೇಕೆಂದು ಬೇಡಿದ್ದ. ಈ ಹುಡುಗನಿಗೆ ಸಿಕ್ಕಿದ್ದು ನಮ್ಮ ಉಪದೇಶ.

ಮೂರು ತಿಂಗಳಾದ ಮೇಲೆ ಅವನ ತಾಯಿ ಒಬ್ಬರೇ ಬಂದರು. ಮಗ ಎಲ್ಲರೂ ಉಂಡ ಮೇಲೆ ಉಣ್ಣುತ್ತಾನೆ, ರಾತ್ರಿಯೆಲ್ಲ ಎದ್ದು ಕೂತಿರುತ್ತಾನೆ, ಸ್ನಾನ ಬೇಡ, ಗೆಳೆಯರು ಬೇಡ, ತಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎನ್ನುತ್ತಾನೆ ಎಂದರು. ಒಂದು ತಾಯತ ಕಟ್ಟಿಕೊಡಿ ಎಂದು ಸೆರಗು ಒಡ್ಡಿದರು. ಆ ಕೊನೆಯ ಮಾತು ಕೇಳಿ ನಮಗೆ ಎದೆ ನಡುಗಿತು. ಆ ಮಾತನ್ನು ಮಕ್ಕಳ ಬಾಯಲ್ಲಿ ಕೇಳಿದರೆ ನಾಟಕವೆಂದು ತಳ್ಳಿಹಾಕಬಾರದು. ಅಂದೇ, ಆಗಲೇ ಮಗುವಿನ ಪಕ್ಕದಲ್ಲಿ ಕೂರಬೇಕು, ಅಂದೇ ವೈದ್ಯರಲ್ಲಿಗೆ ಹೋಗಬೇಕು. ತಾಯಿಗೆ ವಿಭೂತಿಯನ್ನೂ ಕೊಟ್ಟೆವು, ನಮ್ಮ ವಿದ್ಯಾರ್ಥಿನಿಲಯದ ಮೇಲ್ವಿಚಾರಕರನ್ನು ಜೊತೆಗೆ ಮಾಡಿ ಚಾಮರಾಜನಗರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರಲ್ಲಿಗೆ ಕಳುಹಿಸಿದೆವು. "ಹುಚ್ಚಾ ಬುದ್ಧಿ?" ಎಂದು ಆ ತಾಯಿ ಕೇಳಿದ ದನಿ ನಮಗೆ ಇನ್ನೂ ನೆನಪಿದೆ. ಅಲ್ಲ ತಾಯಿ, ಕಾಲು ಮುರಿದರೆ ಕಟ್ಟು ಹಾಕಿಸುವುದಿಲ್ಲವೇ, ಹಾಗೆ ಎಂದೆವು.

ವೈದ್ಯರು ಹುಡುಗನಿಗೆ ಔಷಧವನ್ನೂ ಕೊಟ್ಟರು. ಆದರೆ ಅವರು ಹೆಚ್ಚು ಹೊತ್ತು ಮಾತನಾಡಿದ್ದು ತಂದೆಯ ಸಂಗಡ. ನಿಮ್ಮ ಮಗನ ಜೊತೆಯಲ್ಲಿ ಕಡೆಯ ಸಲ ಯಾವಾಗ ನಕ್ಕಿರಿ ಎಂದು ಕೇಳಿದರಂತೆ. ಆ ರೈತನಿಗೆ ಉತ್ತರ ತೋಚಲಿಲ್ಲ. ಸಾಲಕ್ಕೆ ಹೆದರದವನು, ಆನೆಗೆ ಹೆದರದವನು, ಅಲ್ಲಿ ಟವಲ್ಲು ಮುಖಕ್ಕೆ ಒತ್ತಿಕೊಂಡು ಅತ್ತ. ಆಮೇಲೆ ನಮ್ಮಲ್ಲಿಗೆ ಬಂದು, "ನಮ್ಮಪ್ಪನೂ ನಂಗೆ ಹಿಂಗೇ ಅಂತಿದ್ದ ಬುದ್ಧಿ, ನಾನೇನ್ ಕೆಟ್ಟೋದ್ನಾ ಅಂತಿದ್ದೆ" ಎಂದ. ಪ್ರೀತಿಯಿಲ್ಲದವನಲ್ಲ ಅವನು. ಅಟ್ಟಣೆಯ ಮೇಲೆ ಚಳಿಯಲ್ಲಿ ಕೂರುತ್ತಿದ್ದುದು ಯಾರಿಗಾಗಿ? ಆದರೆ ಮಗನಿಗೆ ಕಾಣಿಸಿದ್ದು ಬೈಗುಳವೊಂದೇ.

ಈ ವಿಷಯದಲ್ಲಿ ತಿಳಿದವರು ಏನನ್ನು ಹೇಳುತ್ತಾರೆಂದು ನಾವು ಆ ಮೇಲೆ ವಿಚಾರಿಸಿದೆವು. ಮನಸ್ಸಿನ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕು ವರ್ಷದೊಳಗೇ ತಲೆದೋರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನ ಏಳು ಮಕ್ಕಳಲ್ಲಿ ಒಬ್ಬರಿಗೆ ಇಂಥ ತೊಂದರೆಯುಂಟು. ಮುಂದಾಲೋಚನೆ ಮಾಡಿ ಕೋಪವನ್ನು ತಡೆಹಿಡಿಯುವ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹೀಗಿರುವಾಗ ಹದಿನೈದರವನಿಗೆ ಬುದ್ಧಿಯಿಲ್ಲವೇ ಎಂದು ಬೈಯುವುದು, ಮೊಗ್ಗನ್ನು ಹಿಡಿದುಕೊಂಡು ಪರಿಮಳವೆಲ್ಲಿ ಎಂದು ಗದರಿದಂತೆ.

2022ರಲ್ಲಿ ನಮ್ಮ ದೇಶದಲ್ಲಿ 1,70,924 ಜನ ತಮ್ಮ ಜೀವವನ್ನು ತಾವೇ ಕಳೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. ಇದು ಎಲ್ಲ ವಯಸ್ಸಿನವರ ಲೆಕ್ಕ. ಅದರಲ್ಲಿ ಪರೀಕ್ಷೆಯಲ್ಲಿ ನಪಾಸಾದದ್ದು ಕಾರಣವೆಂದು ಬರೆದಿರುವುದು ಶೇಕಡ ಎರಡಕ್ಕಿಂತಲೂ ಕಡಿಮೆ. ಕೌಟುಂಬಿಕ ಸಮಸ್ಯೆ ಕಾರಣವೆಂದು ಬರೆದಿರುವುದು ಶೇಕಡ 31.7. ಒಂದು ಜೀವ ಕುಸಿಯುವುದಕ್ಕೆ ಒಂದೇ ಕಾರಣವಿರುವುದಿಲ್ಲವೆಂದು ವೈದ್ಯರು ಹೇಳುತ್ತಾರೆ, ಅದು ನಿಜ. ಮಗುವನ್ನು ಕಳೆದುಕೊಂಡ ತಂದೆತಾಯಂದಿರು ಇಲ್ಲಿ ಇದ್ದರೆ, ಈ ಲೆಕ್ಕವನ್ನು ತಮ್ಮ ಮೇಲಿನ ತೀರ್ಪೆಂದು ದಯವಿಟ್ಟು ತಿಳಿಯಬಾರದು.

ಅಮೆರಿಕದ ಡಯಾನ ಬೌಮ್ರಿಂಡ್ ಎಂಬ ವಿದುಷಿ 1960ರ ದಶಕದಲ್ಲಿ ತಂದೆತಾಯಿಗಳು ಮಕ್ಕಳನ್ನು ನಡೆಸಿಕೊಳ್ಳುವ ಬಗೆಯನ್ನು ಮೂರಾಗಿ ವಿಂಗಡಿಸಿದರು. ಹೇಳಿದ್ದೇ ಶಾಸನ ಎನ್ನುವವರು. ಏನು ಮಾಡಿದರೂ ಸರಿ ಎನ್ನುವವರು. ಕಟ್ಟುಪಾಡನ್ನೂ ಇಟ್ಟು, ಅದರ ಕಾರಣವನ್ನೂ ಹೇಳಿ, ಮಗುವಿನ ಮಾತನ್ನೂ ಕೇಳುವವರು. 1983ರಲ್ಲಿ ಬೇರೆ ವಿದ್ವಾಂಸರು ನಾಲ್ಕನೆಯದನ್ನು ಕೂಡಿಸಿದರು: ಕಟ್ಟುಪಾಡೂ ಇಲ್ಲ, ಅಕ್ಕರೆಯೂ ಇಲ್ಲ, ಅನ್ನ ಹಾಕಿದರೆ ಮುಗಿಯಿತು ಎನ್ನುವವರು. ಮೂರನೆಯ ಬಗೆಯ ಮನೆಯ ಮಕ್ಕಳೇ ಹೆಚ್ಚು ನೆಮ್ಮದಿಯಿಂದ, ಹೆಚ್ಚು ಜವಾಬ್ದಾರಿಯಿಂದ ಬೆಳೆಯುತ್ತಾರೆಂದು ಅವರ ಅಭಿಪ್ರಾಯ. ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ನೀತಿಶ್ಲೋಕ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಆದರೆ ಅದರ ಹಿಂದಿನ ಸಾಲಿನಲ್ಲಿ ಬರುವ ಹೊಡೆತದ ಮಾತನ್ನು ಹಿಡಿದುಕೊಂಡಷ್ಟು ಭದ್ರವಾಗಿ ಕೊನೆಯ ಮಾತನ್ನು ನಾವು ಹಿಡಿದುಕೊಂಡಿಲ್ಲ. ಗೊನೆ ಬಿಟ್ಟ ಬಾಳೆಗೆ ನೀವು ಗಳ ಕೊಡುತ್ತೀರಿ. ಗಳವನ್ನು ಬಿಗಿದು ಕಟ್ಟಿದರೆ ದಿಂಡು ಕೊಯ್ಯುತ್ತದೆ, ಕೊಡದೆ ಬಿಟ್ಟರೆ ಗಾಳಿಗೆ ಬೀಳುತ್ತದೆ. ಇದನ್ನು ಅಮೆರಿಕದಿಂದ ಕಲಿಯಬೇಕಾಗಿಲ್ಲ, ನಿಮ್ಮ ತೋಟದಲ್ಲಿಯೇ ಇದೆ.

ಮಕ್ಕಳ ಜೊತೆ ಹೇಗೆ ಮಾತನಾಡುತ್ತೀರಿ ಎಂಬುದಷ್ಟೇ ಅಲ್ಲ, ಗಂಡಹೆಂಡಿರು ನೀವು ನೀವು ಹೇಗೆ ಮಾತನಾಡುತ್ತೀರಿ ಎಂಬುದನ್ನೂ ಮಕ್ಕಳು ಕೇಳುತ್ತಿರುತ್ತಾರೆ. ವಿದ್ಯಾರ್ಥಿನಿಲಯದಲ್ಲಿ ಊರಿಗೆ ಹೋಗಲೊಲ್ಲೆನೆಂದ ಆ ಹುಡುಗನನ್ನು ಕೇಳಿದಾಗ, "ನಾನ್ ಇದ್ರೆ ಜಗಳ ಬುಡಿಸ್ಬೇಕು ಬುದ್ಧಿ, ಅಪ್ಪ ಕುಡ್ಕೊಂಡ್ ಬಂದಾಗ ಅವ್ವನ್ಗೂ ಅವನ್ಗೂ ಮಧ್ಯ ನಿಂತ್ಕೋಬೇಕು" ಎಂದ. ಹದಿಮೂರು ವರ್ಷದವನು. ಅವನ ಪುಸ್ತಕದ ಚೀಲಕ್ಕಿಂತ ಆ ಭಾರ ಹೆಚ್ಚಿನದು. ಇನ್ನು ಕೆಲವು ತಾಯಂದಿರು ಗಂಡನ ಮೇಲಿನ ದುಃಖವನ್ನೆಲ್ಲ ಮಗಳ ಮಡಿಲಿಗೆ ಸುರಿಯುತ್ತಾರೆ. ಆಕೆಯಾದರೂ ಯಾರಿಗೆ ಹೇಳಿಕೊಳ್ಳಬೇಕು? ಅಕ್ಕತಂಗಿಯರಿಗೆ ಹೇಳಿ, ಓರಗಿತ್ತಿಗೆ ಹೇಳಿ, ಬೇಕಾದರೆ ನಮಗೆ ಬಂದು ಹೇಳಿ. ಮಗುವಿನ ಹೆಗಲ ಮೇಲೆ ಇಡಬೇಡಿ.

ಹೆಣ್ಣುಮಕ್ಕಳ ವಿಷಯವಾಗಿ ಸ್ವಲ್ಪ ನಿಂತು ಹೇಳಬೇಕು. ನಮ್ಮ ನಾಡಿನ ದೇವರಗುಡ್ಡರು ಕಂಸಾಳೆ ಹಿಡಿದು ಮಲೆಯ ಮಾದಪ್ಪನ ಕಥೆಯನ್ನು ಹಾಡುವಾಗ ಸಂಕಮ್ಮನ ಸಾಲು ಬಂತೆಂದರೆ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತಾರೆ. ಬೇಟೆಗೆ ಹೊರಟ ಗಂಡ ನೀಲೇಗೌಡ ಹೆಂಡತಿಯ ಮೇಲೆ ನಂಬಿಕೆಯಿಲ್ಲದೆ ಭಾಷೆ ಕೊಡು ಎಂದು ಪೀಡಿಸುತ್ತಾನೆ. ತಪ್ಪು ಮಾಡದವಳು ಭಾಷೆಯನ್ನೇಕೆ ಕೊಡಬೇಕೆಂದು ಆಕೆ ಒಪ್ಪುವುದಿಲ್ಲ. ಅದಕ್ಕಾಗಿ ಅವಳು ಪಟ್ಟ ಪಾಡು ನಿಮಗೆಲ್ಲ ಗೊತ್ತು. ರಾತ್ರಿ ಕಥೆ ಕೇಳಿ ಅತ್ತವರೇ ಬೆಳಿಗ್ಗೆ ಎದ್ದು ಮಗಳಿಗೆ ನೀಲೇಗೌಡರಾಗುತ್ತೇವೆ. ಬಸ್ಸು ಅರ್ಧ ಗಂಟೆ ತಡವಾದರೆ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ನಿಂತಿದ್ದೆ. ಚೀಲ ಸೋಸುವುದು, ಪುಸ್ತಕ ಜಾಲಿಸುವುದು. ಮಗಳು ನಿಜವಾಗಿ ಹೆದರುವಂಥದ್ದು ದಾರಿಯಲ್ಲಿ ನಡೆದಾಗ, ಈ ಅನುಮಾನದ ಮನೆಗೆ ಬಂದು ಅವಳು ಅದನ್ನು ಹೇಳುವಳೇ? ಹೇಳಿದರೆ ಕಾಲೇಜು ಬಿಡಿಸುತ್ತಾರೆಂದು ನುಂಗಿಕೊಳ್ಳುತ್ತಾಳೆ. ಆ ಮೇಲೆ ಕಾಲ ಕೆಟ್ಟಿದೆ ಎಂದು ಹದಿನಾರಕ್ಕೇ ಮದುವೆ ಮಾಡುವವರೂ ನಮ್ಮ ಜಿಲ್ಲೆಯಲ್ಲಿ ಇದ್ದಾರೆ. 2006ರ ಕಾಯ್ದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬಿರಬೇಕು. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂಥ ಮದುವೆಯ ಕರೆಯೋಲೆಯನ್ನು ಹಿಡಿದು ಶ್ರೀಮಠಕ್ಕೆ ಆಶೀರ್ವಾದ ಬೇಡಲು ಬರಬೇಡಿ, ನಮಗೆ ಕೊಡಲು ಬರುವುದಿಲ್ಲ.

ಮೊಬೈಲಿನ ಬಗ್ಗೆ ಹೇಳಿ ಎಂದು ಯಾರೋ ಚೀಟಿ ಕಳುಹಿಸಿದ್ದಾರೆ. ಚೀಟಿ ಬರೆದವರ ಕೈಯಲ್ಲಿಯೂ ಒಂದಿದೆ ಎಂದು ಕಾಣುತ್ತದೆ, ಬೆಳಕು ಇಲ್ಲಿಗೇ ಹೊಡೆಯುತ್ತಿದೆ. ಮುಂದಕ್ಕೆ ಹೋಗೋಣ.

ಬಸವಣ್ಣನವರು ಬಾಗೇವಾಡಿಯ ಮನೆಯನ್ನು ಬಿಟ್ಟ ಪ್ರಸಂಗವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹರಿಹರನ ರಗಳೆ ಒಂದು ಬಗೆಯಾಗಿ ಹೇಳುತ್ತದೆ, ಬಸವಪುರಾಣ ಇನ್ನೊಂದು ಬಗೆಯಾಗಿ ಹೇಳುತ್ತದೆ. ಉಪನಯನ ಬೇಡವೆಂದು ತಂದೆಗೆ ಎದುರಾಡಿದ ಆ ಹುಡುಗ ನಮ್ಮ ಮನೆಯಲ್ಲಿ ಹುಟ್ಟಿದ್ದರೆ ನಾವು ಏನು ಮಾಡುತ್ತಿದ್ದೆವು? ಶ್ರೀಮಠಕ್ಕೆ ಕರೆತಂದು ಬುದ್ಧಿ ಹೇಳಿ ಎನ್ನುತ್ತಿದ್ದಿರಿ. ನಾವೂ ಹೇಳಿಬಿಡುತ್ತಿದ್ದೆವೋ ಏನೋ! ಅವರಿಗೆ ಅಕ್ಕ ನಾಗಮ್ಮನ ಒತ್ತಾಸೆ ಇತ್ತು, ಸಂಗಮದಲ್ಲಿ ಕೈಹಿಡಿದ ಗುರುಗಳಿದ್ದರು. ಮನೆಯಲ್ಲಿ ತಂದೆಯೊಡನೆ ಮುರಿದರೂ, ನಂಬಿದ ಒಬ್ಬರು ಇದ್ದರೆ ಮಗು ಉಳಿಯುತ್ತದೆ. ಅಜ್ಜಿಯಿರಬಹುದು, ಸೋದರಮಾವನಿರಬಹುದು, ಶಾಲೆಯ ಮೇಷ್ಟ್ರಿರಬಹುದು. ನಾವು ಪೂರ್ವಾಶ್ರಮವನ್ನು ಬಿಟ್ಟು ಹನ್ನೊಂದನೆಯ ವಯಸ್ಸಿಗೆ ಪಾಠಶಾಲೆ ಸೇರಿದಾಗ ರಾತ್ರಿಯೆಲ್ಲ ಅಳುತ್ತಿದ್ದೆವು. ಅಲ್ಲಿಯ ಅಡುಗೆಯ ಅಯ್ಯನವರು ಏನನ್ನೂ ಕೇಳದೆ ಒಲೆಯ ಪಕ್ಕ ಕೂರಿಸಿಕೊಂಡು ಬೆಲ್ಲದ ಚೂರು ಕೊಡುತ್ತಿದ್ದರು. ಅಮರಕೋಶಕ್ಕಿಂತ ಆ ಬೆಲ್ಲವೇ ನಮ್ಮನ್ನು ಅಲ್ಲಿ ನಿಲ್ಲಿಸಿತು.

ಚಾಮರಾಜನಗರಕ್ಕೆ ಆ ಹೆಸರು ಬಂದದ್ದೂ ಒಬ್ಬ ಮಗನಿಂದ. ಮೊದಲು ಅದು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ, ಅವರ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡದ್ದು 1796ರಲ್ಲಿ. ತಂದೆಯ ಮುಖ ನೆನಪಿನಲ್ಲಿ ಉಳಿಯುವ ವಯಸ್ಸೇ ಅಲ್ಲ. ಆದರೂ ತಂದೆ ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ತಂದೆಯ ಹೆಸರನ್ನಿಟ್ಟರು, ಅಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ನೋಡದ ತಂದೆಗಾಗಿ ಒಂದು ಊರನ್ನೇ ಮುಡಿಪಾಗಿಟ್ಟರೆ, ಒಂದೇ ಸೂರಿನ ಕೆಳಗಿದ್ದೂ ಮಾತನಾಡದ ತಂದೆಗಾಗಿ ಮಗನ ಮನಸ್ಸು ಎಷ್ಟು ಹಂಬಲಿಸಬಹುದು!

ಕಂಬದ ಮರೆಯ ಆ ತಾಯಿ ಇಂದೂ ಬಂದಿದ್ದಾರೆ. ಎಲ್ಲಿ ಕುಳಿತಿದ್ದಾರೆಂದು ನಾವು ತೋರಿಸುವುದಿಲ್ಲ. ತಾಯಿ, ಎರಡು ತಿಂಗಳು ಮಾತು ಬಿಟ್ಟವನನ್ನು ಏಕೆ ಬಿಟ್ಟೆ ಎಂದು ಕೇಳಬೇಡಿ. ಅವನು ಉಣ್ಣುವಾಗ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಅವನ ಅಪ್ಪನೂ ದಿನಕ್ಕೆ ಹತ್ತು ನಿಮಿಷ ಕೂರಲಿ. ಮಾರ್ಕ್ಸಿನ ಮಾತು, ಸಾಲದ ಮಾತು, ದೊಡ್ಡಪ್ಪನ ಮಗನ ಮಾತು ಬೇಡ. ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದಿದ್ದರೆ ನಾಳೆಯೆಂದು ತಳ್ಳಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಎಂಬ ಏರ್ಪಾಡುಂಟು. ಟೆಲಿ ಮಾನಸ್ ಎಂಬ ಸಹಾಯವಾಣಿ 2022ರಿಂದ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಕ್ಕಳೇ, ಈ ಸಂಖ್ಯೆಯನ್ನು ನೀವೂ ಬರೆದುಕೊಳ್ಳಿ. ದೊಡ್ಡವರನ್ನು ಕೇಳಿಯೇ ಮಾಡಬೇಕೆಂದೇನೂ ಇಲ್ಲ.

ಸುಲ್ತಾನ್ ಬತ್ತೇರಿಯ ಹುಡುಗ ಏನಾದ ಎಂದು ನೀವು ಕೇಳುವಿರಿ. ಔಷಧ ಒಂದು ವರ್ಷ ನಡೆಯಿತು. ಗಣಿತವನ್ನು ಎರಡನೆಯ ಪ್ರಯತ್ನದಲ್ಲಿ ಕಟ್ಟಿ ಪಾಸಾದ. ಈಗ ಐಟಿಐಯಲ್ಲಿ ಕಲಿಯುತ್ತಿದ್ದಾನೆ. ಎಲ್ಲವೂ ಸರಿಹೋಯಿತೆಂದು ನಾವು ಹೇಳಲಾರೆವು, ಈಗಲೂ ಕೆಲವು ದಿನ ಅವನು ಯಾರೊಡನೆಯೂ ಮಾತನಾಡುವುದಿಲ್ಲವಂತೆ. ಕಳೆದ ಶಿವರಾತ್ರಿಯಂದು ಅಪ್ಪಮಗ ಇಬ್ಬರೂ ಬಂದಿದ್ದರು. ಜನವಿಲ್ಲದ ಹೊತ್ತಿನಲ್ಲಿ ನಾವು ಆ ಹುಡುಗನನ್ನು ಹತ್ತಿರ ಕರೆದು, ಅಂದು ನಿನ್ನನ್ನು ಎಲ್ಲರೆದುರಿಗೆ ಗದರಿದ್ದು ನಮ್ಮ ತಪ್ಪು ಮಗು ಎಂದೆವು. ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಬತ್ತೇರೀಲಿ ಹೋಟ್ಲವ್ರು ಒಳ್ಳೇವ್ರು ಬುದ್ಧಿ, ಮಲಗಕೆ ಚಾಪೆ ಕೊಟ್ಟಿದ್ರು" ಎಂದ. ಅವನ ಅಪ್ಪನಿಗೂ ಅದು ಅಂದೇ ತಿಳಿದದ್ದು.

ಹೊತ್ತು ಬಹಳವಾಯಿತು, ಒಳಗೆ ಪ್ರಸಾದ ಸಿದ್ಧವಾಗಿದೆಯೆಂದು ಸನ್ನೆ ಮಾಡುತ್ತಿದ್ದಾರೆ. ಇಂದು ಒಂದು ಬದಲಾವಣೆ: ಗಂಡಸರ ಪಂಕ್ತಿ, ಮಕ್ಕಳ ಪಂಕ್ತಿ ಎಂದು ಬೇರೆ ಹಾಕುವುದು ಬೇಡ. ಮಕ್ಕಳನ್ನು ಕರೆತಂದವರು ಅವರ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ನೀಡುವವರು ನಿಧಾನವಾಗಿ ನೀಡಲಿ.